ಹಕ್ಕಿ ಮತ್ತು ವಿಮಾನ: ತುಂಗಭದ್ರೆಯ ದಂಡೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲ ಬಂತೆಂದರೆ ಕೊಪ್ಪಳ, ಗಂಗಾವತಿ ಕಡೆಯ ಪ್ರೌಢಶಾಲೆಯ ಮಕ್ಕಳೊಂದಿಗೆ ತುಂಗಭದ್ರಾ ಹಿನ್ನೀರಿನ ದಂಡೆಗೆ ಹೋಗುತ್ತೇನೆ. ಹೋಗುವುದು ಹಕ್ಕಿ ನೋಡಲು. ಆದರೆ ಪಟ್ಟೆತಲೆ ಹೆಬ್ಬಾತುಗಳ ಸಾಲು ನೀರಿನಿಂದ ಮೇಲೆದ್ದ ಕೂಡಲೇ ಮಕ್ಕಳ ಮಾತು ವಿಮಾನದ ಕಡೆಗೆ ತಿರುಗುತ್ತದೆ. ವರ್ಷ ವರ್ಷವೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ದಂಡೆಯ ಮೇಲೆ ನಿಂತು ಅವಸರದಲ್ಲಿ ಕೊಟ್ಟ ಉತ್ತರಗಳನ್ನು ಇಲ್ಲಿ ಸಾವಧಾನವಾಗಿ ಬರೆದಿದ್ದೇನೆ.

ವಿಮಾನವನ್ನು ಹಕ್ಕಿಯನ್ನು ನೋಡಿಯೇ ಕಂಡುಹಿಡಿದರೇ?

ಹೌದು. ಆದರೆ ಹಕ್ಕಿಯನ್ನು ಹಾಗೆಯೇ ನಕಲು ಮಾಡುವ ಆಸೆಯನ್ನು ಬಿಟ್ಟ ಮೇಲೆ. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿದ ಗಾದೆ ನಮಗೆಲ್ಲ ಗೊತ್ತು. ರೆಕ್ಕೆ ಕಟ್ಟಿಕೊಂಡು ಗೋಪುರದಿಂದ ಹಾರಿ ಕೈಕಾಲು ಮುರಿದುಕೊಂಡವರ ಕಥೆ ಅದೇ. ಹಕ್ಕಿಯ ರೆಕ್ಕೆ ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತದೆ: ಮೈಯನ್ನು ಎತ್ತಿ ಹಿಡಿಯುತ್ತದೆ, ಮುಂದಕ್ಕೂ ತಳ್ಳುತ್ತದೆ. ಈ ಎರಡನ್ನೂ ಬೇರ್ಪಡಿಸಬಹುದು ಎಂದು ಸ್ಪಷ್ಟವಾಗಿ ಕಂಡವನು ಇಂಗ್ಲೆಂಡಿನ ಜಾರ್ಜ್ ಕೇಲಿ. 1799ರಲ್ಲಿ ಅವನು ಬರೆದ ಚಿತ್ರದಲ್ಲಿ ರೆಕ್ಕೆ ಅಲುಗಾಡದೆ ನಿಂತಿದೆ, ಮುಂದಕ್ಕೆ ತಳ್ಳುವ ಕೆಲಸ ಬೇರೊಂದು ಅಂಗದ್ದು. ಇಂದಿನ ಎಲ್ಲ ವಿಮಾನಗಳ ಬೀಜ ಅಲ್ಲಿದೆ.

ಜರ್ಮನಿಯ ಓಟೋ ಲಿಲಿಯೆಂಥಾಲ್ ಕೊಕ್ಕರೆಗಳ ರೆಕ್ಕೆಯ ಬಾಗನ್ನು ಅಳೆದ, ಲೆಕ್ಕ ಹಾಕಿದ, 1889ರಲ್ಲಿ ಅದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ. ಅನಂತರ ತಾನೇ ಕಟ್ಟಿದ ಗ್ಲೈಡರುಗಳಲ್ಲಿ ಸಾವಿರಾರು ಸಲ ತೇಲಿದ. 1896ರಲ್ಲಿ ಬಿದ್ದು ಸತ್ತ. ಆ ಸಾವಿನ ಸುದ್ದಿ ಅಮೆರಿಕದ ರೈಟ್ ಸಹೋದರರನ್ನು ಈ ಕೆಲಸಕ್ಕೆ ಎಳೆಯಿತು. ಗಾಳಿ ಹೊಯ್ದಾಡಿಸಿದಾಗ ಹದ್ದಿನ ಜಾತಿಯ ಹಕ್ಕಿಗಳು ರೆಕ್ಕೆಯ ತುದಿಯನ್ನು ತಿರುಚಿ ಸಮತೋಲನ ಕಾಯ್ದುಕೊಳ್ಳುವುದನ್ನು ವಿಲ್ಬರ್ ರೈಟ್ ಗಮನಿಸಿದ್ದ. 1899ರಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆಯನ್ನು ಕೈಯಲ್ಲಿ ತಿರುಚುತ್ತಿದ್ದಾಗ ಅದೇ ತಿರುಚನ್ನು ಮರ ಮತ್ತು ಬಟ್ಟೆಯ ರೆಕ್ಕೆಗೆ ತರುವ ದಾರಿ ಅವನಿಗೆ ಹೊಳೆಯಿತು. 1903ರ ಡಿಸೆಂಬರ್ 17ರಂದು ನಡೆದ ಮೊದಲ ಹಾರಾಟ 12 ಸೆಕೆಂಡ್, ಸುಮಾರು 36 ಮೀಟರ್. ನಮ್ಮ ಶಾಲೆಯ ಮೈದಾನದ ಅರ್ಧದಷ್ಟೂ ಇಲ್ಲ ಎಂದರೆ ಮಕ್ಕಳು ನಂಬುವುದಿಲ್ಲ.

ಹಾಗಾದರೆ ರೆಕ್ಕೆ ಬಡಿಯುವ ದೊಡ್ಡ ವಿಮಾನ ಏಕೆ ಇಲ್ಲ?

ಗಾತ್ರದ ಲೆಕ್ಕ ಅದಕ್ಕೆ ಬಿಡುವುದಿಲ್ಲ. ಒಂದು ಹಕ್ಕಿಯ ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿ ನೋಡಿ. ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಮಾತ್ರ ಎಂಟು ಪಟ್ಟಾಗುತ್ತದೆ. ಗಾತ್ರ ಬೆಳೆದಂತೆ ಸ್ನಾಯುವಿನ ಶಕ್ತಿ ತೂಕದ ಹಿಂದೆ ಬೀಳುತ್ತಾ ಹೋಗುತ್ತದೆ.

ಇದಕ್ಕೆ ನಮ್ಮ ನೆಲದಲ್ಲಿಯೇ ಒಂದು ಸಾಕ್ಷಿ ಇದೆ. ಸಿರುಗುಪ್ಪದ ಎರೆಭೂಮಿಯ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಜಗತ್ತಿನ ಅತಿ ಭಾರವಾದ ಹಾರುವ ಹಕ್ಕಿಗಳಲ್ಲಿ ಒಂದು. ಗಂಡು 15 ಕಿಲೋದ ಹತ್ತಿರ ತೂಗಬಲ್ಲದು. ಇಂದು ಬದುಕಿರುವ ಹಾರುವ ಹಕ್ಕಿಗಳಲ್ಲಿ ಇದಕ್ಕಿಂತ ಬಹಳ ಭಾರವಾದದ್ದು ಇಲ್ಲ. ಏರ್‌ಬಸ್ ಎ320 ವಿಮಾನ ತುಂಬಿದ ಹೊರೆಯೊಂದಿಗೆ ಮೇಲೇಳುವಾಗ 70 ಟನ್ ದಾಟಿರುತ್ತದೆ. ಅದಕ್ಕೆ ಹಕ್ಕಿಯ ಉಪಾಯ ಹೊಂದುವುದಿಲ್ಲ.

ಎರೆಭೂತದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಅದಕ್ಕೆ ನೇರ ಮುಂದಿನದು ಚೆನ್ನಾಗಿ ಕಾಣುವುದಿಲ್ಲ, ಭಾರವಾದ ಮೈಯನ್ನು ಗಾಳಿಯಲ್ಲಿ ಥಟ್ಟನೆ ತಿರುಗಿಸಲೂ ಆಗುವುದಿಲ್ಲ. ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತದೆ. ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಹಾರಾಟದ ಬಗ್ಗೆ ಇಷ್ಟು ಹೇಳಿಕೊಡುವ ಹಕ್ಕಿಯನ್ನು ನಾವು ತಂತಿಗೆ ಕೊಟ್ಟು ಕುಳಿತಿರುವುದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಬಳ್ಳಾರಿ ಗುಡ್ಡದ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಗಂಟೆಗಟ್ಟಲೆ ಸುತ್ತುತ್ತವೆ. ಹೇಗೆ?

ಬಿಸಿಲು ಅವುಗಳನ್ನು ಎತ್ತುತ್ತದೆ. ಬೇಸಿಗೆಯಲ್ಲಿ ಬರಿಯ ಬಂಡೆ ಕಾಯುವಷ್ಟು ಬೇಗ ಗದ್ದೆ ಕಾಯುವುದಿಲ್ಲ. ಕಾದ ಬಂಡೆಯ ಮೇಲಿನ ಗಾಳಿ ಹಿಗ್ಗಿ, ಹಗುರವಾಗಿ, ಕಂಬದಂತೆ ಮೇಲೇರುತ್ತದೆ. ಹದ್ದು ಆ ಕಂಬದೊಳಗೆ ಸುತ್ತು ಹಾಕುತ್ತದೆ. ಅದು ಗಾಳಿಯಲ್ಲಿ ಕೆಳಕ್ಕೆ ಜಾರುತ್ತಲೇ ಇರುತ್ತದೆ, ಆದರೆ ಗಾಳಿ ಅದಕ್ಕಿಂತ ವೇಗವಾಗಿ ಮೇಲೇರುತ್ತಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಕೋಟೆಯ ಗೋಡೆಯ ಮೇಲೆ ಸುಮ್ಮನೆ ಕುಳಿತ ಹದ್ದು ಹನ್ನೊಂದಕ್ಕೆ ಆಕಾಶದಲ್ಲಿ ಚುಕ್ಕೆಯಾಗುವುದು ಇದರಿಂದಲೇ.

ಎಂಜಿನ್ ಇಲ್ಲದ ಗ್ಲೈಡರುಗಳ ಚಾಲಕರು ಇದೇ ಕಂಬಗಳನ್ನು ಹುಡುಕುತ್ತಾರೆ, ಹದ್ದು ಸುತ್ತುವ ಜಾಗಕ್ಕೇ ಗ್ಲೈಡರನ್ನು ತಿರುಗಿಸುತ್ತಾರೆ. 2018ರಲ್ಲಿ ಎರಡು ಮೀಟರ್ ರೆಕ್ಕೆಯ ಒಂದು ಪುಟ್ಟ ಗ್ಲೈಡರಿಗೆ ಸಂಶೋಧಕರು ಈ ವಿದ್ಯೆಯನ್ನು ಕಲಿಸಿದರು. ಗಾಳಿ ಎಡಕ್ಕೆ ಎತ್ತುತ್ತದೆಯೋ ಬಲಕ್ಕೋ ಎಂದು ಅಳೆಯುತ್ತಾ, ತಪ್ಪು ಮಾಡುತ್ತಾ, ತಿದ್ದಿಕೊಳ್ಳುತ್ತಾ ಅದು ತಾನಾಗಿಯೇ ಬಿಸಿಗಾಳಿಯ ಕಂಬವೇರಿತು. ಹದ್ದಿನ ಮರಿ ಕಲಿಯುವುದೂ ಹೀಗೆಯೇ ಇರಬೇಕು ಎಂದು ನನಗೆ ಅನಿಸುತ್ತದೆ.

ವಿಮಾನದ ರೆಕ್ಕೆಯ ತುದಿ ಮೇಲಕ್ಕೆ ಬಾಗಿರುತ್ತದಲ್ಲ, ಅದು ಹದ್ದಿನ ಗರಿಯ ನಕಲೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಹಾರುವಾಗ ರೆಕ್ಕೆಯ ಕೆಳಗೆ ಒತ್ತಡ ಹೆಚ್ಚು, ಮೇಲೆ ಕಡಿಮೆ. ಒತ್ತಡದ ಈ ವ್ಯತ್ಯಾಸವೇ ವಿಮಾನವನ್ನು ಎತ್ತಿ ಹಿಡಿಯುವುದು. ಆದರೆ ರೆಕ್ಕೆಯ ತುದಿಯಲ್ಲಿ ಗಾಳಿಗೆ ತಪ್ಪಿಸಿಕೊಳ್ಳಲು ದಾರಿ ಸಿಗುತ್ತದೆ. ಕೆಳಗಿನ ಗಾಳಿ ತುದಿಯನ್ನು ಸುತ್ತಿ ಮೇಲಕ್ಕೆ ನುಗ್ಗುತ್ತದೆ, ಹಿಂದೆ ಸುಳಿಯೊಂದು ಹುಟ್ಟುತ್ತದೆ. ತುಂಗಭದ್ರೆಯಲ್ಲಿ ಬಂಡೆಯ ಹಿಂದೆ ನೀರು ಸುಳಿಯುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಈ ಸುಳಿಯನ್ನು ತಿರುಗಿಸಲು ಬೇಕಾದ ಶಕ್ತಿ ಇಂಧನದಿಂದಲೇ ಬರಬೇಕು. ಎತ್ತರದಲ್ಲಿ ನೆಟ್ಟಗೆ ಹಾರುತ್ತಿರುವ ಪ್ರಯಾಣಿಕ ವಿಮಾನವನ್ನು ಹಿಂದಕ್ಕೆ ಎಳೆಯುವ ಬಲದಲ್ಲಿ ಸುಮಾರು ಶೇ. 40ರಷ್ಟು ಹುಟ್ಟುವುದು ಹೀಗೆ.

ಇದಕ್ಕೆ ಒಂದು ಮದ್ದು ಉದ್ದನೆಯ, ಕಿರಿದಾದ ರೆಕ್ಕೆ. ಸಮುದ್ರದ ಆಲ್ಬಟ್ರಾಸ್ ಹಕ್ಕಿಯದು ಅಂಥದ್ದು, ತುದಿಯಿಂದ ತುದಿಗೆ ಮೂರೂವರೆ ಮೀಟರಿನವರೆಗೆ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಲ್ಲಿ ಎಟಿಆರ್-72 ಎಂಬ ಪ್ರೊಪೆಲ್ಲರ್ ವಿಮಾನವನ್ನು ನೋಡಿದವರು ನೆನಪಿಸಿಕೊಳ್ಳಿ: ಅದರ ರೆಕ್ಕೆ ಅಗಲದ ಹನ್ನೆರಡು ಪಟ್ಟು ಉದ್ದ. ಆದರೆ ಹದ್ದಿಗೆ ಅಷ್ಟುದ್ದದ ರೆಕ್ಕೆ ಇದ್ದರೆ ಮರದ ಕೊಂಬೆಗಳ ನಡುವೆ ಇಳಿಯುವುದು ಹೇಗೆ, ಕಿರಿದಾದ ಬಿಸಿಗಾಳಿಯ ಕಂಬದೊಳಗೆ ತಿರುಗುವುದು ಹೇಗೆ? ಅದು ಬೇರೆ ದಾರಿ ಹಿಡಿದಿದೆ. ರೆಕ್ಕೆ ಗಿಡ್ಡ, ತುದಿಯ ಗರಿಗಳು ಮಾತ್ರ ಬೆರಳುಗಳಂತೆ ಬಿಡಿಬಿಡಿಯಾಗಿ ಮೇಲಕ್ಕೆ ಬಾಗಿವೆ. ಒಂದು ದೊಡ್ಡ ಸುಳಿ ಹಲವು ಚಿಕ್ಕ ಸುಳಿಗಳಾಗಿ ಒಡೆಯುತ್ತದೆ. ಅಮೆರಿಕದ ಜೀವವಿಜ್ಞಾನಿ ವಾನ್ಸ್ ಟಕರ್ 1990ರ ದಶಕದಲ್ಲಿ ಗಾಳಿಸುರಂಗದಲ್ಲಿ, ಅಂದರೆ ಗಾಳಿ ಬೀಸಿಸಿ ಪರೀಕ್ಷಿಸುವ ಕೊಳವೆಯಲ್ಲಿ, ಗಿಡುಗವನ್ನು ಹಾರಿಸಿ, ಈ ಬಿಡಿ ಗರಿಗಳು ಎಳೆತವನ್ನು ಕಡಿಮೆ ಮಾಡುತ್ತವೆ ಎಂದು ತೋರಿಸಿದ.

ವಿಮಾನದ ಬಾಗಿದ ತುದಿ, ಅಂದರೆ ವಿಂಗ್‌ಲೆಟ್, ರೂಪ ಪಡೆದದ್ದು 1970ರ ದಶಕದಲ್ಲಿ ನಾಸಾದ ರಿಚರ್ಡ್ ವಿಟ್‌ಕಂಬ್ ಕೈಯಲ್ಲಿ. ರೆಕ್ಕೆಯ ತುದಿಗೆ ತಡೆಪಟ್ಟಿ ಹಾಕುವ ವಿಚಾರ ಇನ್ನೂ ಹಳೆಯದು, 1897ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲಾಂಚೆಸ್ಟರ್ ಅದಕ್ಕೆ ಪೇಟೆಂಟ್ ಪಡೆದಿದ್ದ. ಹಾಗಾಗಿ ಯಾರೋ ಹದ್ದನ್ನು ನೋಡಿ ಮರುದಿನವೇ ವಿಂಗ್‌ಲೆಟ್ ಮಾಡಿದರು ಎನ್ನುವುದು ಸರಿಯಲ್ಲ. ಒಂದೇ ತೊಂದರೆಗೆ ಹಕ್ಕಿ ಒಂದು ಕಡೆಯಿಂದಲೂ ಗಣಿತ ಇನ್ನೊಂದು ಕಡೆಯಿಂದಲೂ ಬಂದು ಸೇರಿದವು. ನನ್ನ ಮಟ್ಟಿಗೆ ಇದು ನಕಲಿಗಿಂತ ಸೊಗಸಾದ ಕಥೆ. ಎ320 ವಿಮಾನದ ಸುಮಾರು 2.4 ಮೀಟರ್ ಎತ್ತರದ ತುದಿಗಳು ದೂರದ ಪಯಣದಲ್ಲಿ ಶೇ. 4ರವರೆಗೆ ಇಂಧನ ಉಳಿಸುತ್ತವೆ.

ಹೆಬ್ಬಾತುಗಳು ಈಟಿಯ ಮೊನೆಯಂತೆ ಸಾಲುಗಟ್ಟುವುದು ಏಕೆ? ವಿಮಾನಗಳೂ ಹಾಗೆ ಹಾರಬಹುದೇ?

ಮೇಲೆ ಹೇಳಿದ ಸುಳಿಯೇ ಇಲ್ಲಿ ನೆರವಿಗೆ ಬರುತ್ತದೆ. ಮುಂದಿನ ಹಕ್ಕಿಯ ನೇರ ಹಿಂದೆ ಗಾಳಿ ಕೆಳಕ್ಕೆ ಇಳಿಯುತ್ತಿರುತ್ತದೆ. ರೆಕ್ಕೆಯ ತುದಿಯಿಂದ ತುಸು ಹೊರಗೆ ಅದೇ ಗಾಳಿ ಮೇಲೇರುತ್ತಿರುತ್ತದೆ. ಹಿಂದಿನ ಹಕ್ಕಿ ತನ್ನ ರೆಕ್ಕೆಯನ್ನು ಆ ಏರುಗಾಳಿಯಲ್ಲಿ ಇಟ್ಟರೆ ಶ್ರಮ ತಗ್ಗುತ್ತದೆ. 2001ರಲ್ಲಿ ಹೆಜ್ಜಾರ್ಲೆಗಳಿಗೆ ಹೃದಯ ಬಡಿತ ಅಳೆಯುವ ಸಾಧನ ಕಟ್ಟಿ ನೋಡಿದಾಗ, ಸಾಲಿನಲ್ಲಿ ಹಾರುವವುಗಳ ಬಡಿತ ಒಂಟಿಯಾಗಿ ಹಾರುವವುಗಳಿಗಿಂತ ಶೇ. 11ರಿಂದ 14ರಷ್ಟು ಕಡಿಮೆ ಇತ್ತು. 2014ರಲ್ಲಿ ಐಬಿಸ್ ಹಕ್ಕಿಗಳ ಮೇಲೆ ನಡೆದ ಅಧ್ಯಯನ ಇನ್ನೂ ಬೆರಗಿನದು. ಅವು ಜಾಗವನ್ನು ಆರಿಸಿಕೊಳ್ಳುವುದಷ್ಟೇ ಅಲ್ಲ, ಮುಂದಿನ ಹಕ್ಕಿಯ ರೆಕ್ಕೆ ಗಾಳಿಯಲ್ಲಿ ಬಿಟ್ಟುಹೋದ ಅಲೆಗೆ ಸರಿಯಾಗಿ ತಮ್ಮ ರೆಕ್ಕೆಬಡಿತದ ತಾಳವನ್ನೂ ಹೊಂದಿಸಿಕೊಳ್ಳುತ್ತವೆ. ಭಜನೆಯಲ್ಲಿ ಹಿಂದೆ ಕುಳಿತವರು ಮುಂದಿನವರ ತಾಳ ಹಿಡಿಯುತ್ತಾರಲ್ಲ, ಹಾಗೆ.

ವಿಮಾನಗಳಲ್ಲಿ ಇದನ್ನು ಏರ್‌ಬಸ್ ಪ್ರಯೋಗಿಸಿದೆ. 2021ರ ನವೆಂಬರಿನಲ್ಲಿ ಎರಡು ಎ350 ವಿಮಾನಗಳು ಫ್ರಾನ್ಸಿನ ತುಲೂಸ್‌ನಿಂದ ಕೆನಡಾದ ಮಾಂಟ್ರಿಯಲ್‌ಗೆ ಮೂರು ಕಿಲೋಮೀಟರ್ ಅಂತರದಲ್ಲಿ, ಒಂದರ ಸುಳಿಯ ಏರುಗಾಳಿಯಲ್ಲಿ ಇನ್ನೊಂದು ಹಾರಿದವು. ಆರು ಟನ್ನಿಗೂ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಉಳಿಯಿತು, ದೂರದ ಪಯಣದಲ್ಲಿ ಶೇ. 5ಕ್ಕೂ ಹೆಚ್ಚು ಇಂಧನ ಉಳಿಸಬಹುದೆಂದು ಕಂಡುಬಂತು. ತೊಂದರೆ ಇರುವುದು ಹೊಂದಾಣಿಕೆಯಲ್ಲಿ: ಬೇರೆ ಬೇರೆ ಕಂಪನಿಗಳ ವಿಮಾನಗಳು ಸಾಗರದ ಮೇಲೆ ಹೇಳಿದ ಹೊತ್ತಿಗೆ, ಹೇಳಿದ ಜಾಗಕ್ಕೆ ಬಂದು ಜೊತೆಯಾಗಬೇಕು. ಹೆಬ್ಬಾತುಗಳಿಗೆ ಸಂಜೆ ಹಿನ್ನೀರಿನಿಂದ ಒಟ್ಟಿಗೇ ಹೊರಟರೆ ಸಾಕು.

ಈ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ ಎನ್ನುತ್ತಾರೆ. ವಿಮಾನದಷ್ಟು ಎತ್ತರ ಹಾರುತ್ತವೆಯೇ?

ಹಿಮಾಲಯ ದಾಟುವುದು ನಿಜ. ಉಪಗ್ರಹ ಸಾಧನ ಕಟ್ಟಿ ಅಳೆದ ಹಕ್ಕಿಗಳಲ್ಲಿ ಅತಿ ಎತ್ತರ 7,290 ಮೀಟರ್. ಪ್ರಯಾಣಿಕ ವಿಮಾನ ಹಾರುವುದು 10ರಿಂದ 12 ಸಾವಿರ ಮೀಟರ್ ಎತ್ತರದಲ್ಲಿ.

ಇಲ್ಲಿ ನನಗೆ ಬಹಳ ಪ್ರಿಯವಾದ ವಿಷಯವೊಂದಿದೆ. ಹೆಬ್ಬಾತು ಆದಷ್ಟು ಕೆಳಗೇ ಉಳಿಯಲು ನೋಡುತ್ತದೆ. ಬೆಟ್ಟ ಏರಿದರೆ ಏರುತ್ತದೆ, ಕಣಿವೆ ಬಂದರೆ ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟು ಇಳಿಯುತ್ತದೆ, ಮತ್ತೆ ಏರುತ್ತದೆ. ನೋಡಿದರೆ ದಂಡ ಎನಿಸುತ್ತದೆ. ಆದರೆ ತೆಳುಗಾಳಿಯಲ್ಲಿ ರೆಕ್ಕೆಯನ್ನು ಹೆಚ್ಚು ಬಿರುಸಾಗಿ ಬಡಿಯಬೇಕು, ಹೃದಯಕ್ಕೆ ಅದರ ಖರ್ಚು ವಿಪರೀತ. ದಟ್ಟ ಗಾಳಿಗೆ ಇಳಿದು ಮತ್ತೆ ಏರುವುದೇ ಅಗ್ಗ. ವಿಮಾನದ ಲೆಕ್ಕ ಇದಕ್ಕೆ ನೇರ ವಿರುದ್ಧ. 11 ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲದ ಮಟ್ಟದ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಆದ್ದರಿಂದ ಅಲ್ಲಿ ವೇಗವಾಗಿ, ಕಡಿಮೆ ಇಂಧನದಲ್ಲಿ ಹೋಗಬಹುದು. ಜೆಟ್ ಎಂಜಿನ್ನಿಗೆ ಅಲ್ಲಿನ ಚಳಿಯೂ ಹಿತ. ಹೆಬ್ಬಾತಿನ ದಾರಿಯನ್ನು ವಿಮಾನ ಹಿಡಿದಿದ್ದರೆ ದಿವಾಳಿಯಾಗುತ್ತಿತ್ತು. ಪ್ರಕೃತಿಯಿಂದ ತರುವಾಗ ಏನನ್ನು ತರಬಾರದು ಎಂಬುದನ್ನೂ ಅಳೆದು ತಿಳಿಯಬೇಕು.

ಶಾರ್ಕ್ ಮೀನಿಗೂ ವಿಮಾನಕ್ಕೂ ಏನು ಸಂಬಂಧ?

ಶಾರ್ಕಿನ ಚರ್ಮ ಮುಟ್ಟಿದರೆ ಉಪ್ಪುಕಾಗದದಂತೆ ಇರುತ್ತದೆ. ಅದರ ಪುಟ್ಟ ಹಲ್ಲಿನಂಥ ಶಲ್ಕಗಳ ಮೇಲೆ ನೀರು ಹರಿಯುವ ದಿಕ್ಕಿಗೆ ಸಣ್ಣ ಗೆರೆಗಳಿವೆ. ಎರೆಹೊಲದಲ್ಲಿ ಕುಂಟೆ ಹೊಡೆದ ಸಾಲುಗಳನ್ನು ಕಣ್ಣಿಗೆ ಕಾಣದಷ್ಟು ಕಿರಿದಾಗಿಸಿದಂತೆ. ಮೈಗೆ ತಾಗಿ ಹರಿಯುವ ನೀರಿನ ಅಡ್ಡಾದಿಡ್ಡಿ ಓಟವನ್ನು ಈ ಗೆರೆಗಳು ತಡೆಯುತ್ತವೆ, ಉಜ್ಜಾಟ ಕಡಿಮೆಯಾಗುತ್ತದೆ. ನುಣುಪಾದದ್ದೇ ಸಲೀಸಾಗಿ ಜಾರುತ್ತದೆ ಎಂಬ ನಮ್ಮ ನಂಬಿಕೆ ಇಲ್ಲಿ ಸೋಲುತ್ತದೆ. ಲುಫ್ತಾನ್ಸಾ ಟೆಕ್ನಿಕ್ ಮತ್ತು ಬಿಎಎಸ್ಎಫ್ ಸೇರಿ ತಯಾರಿಸಿದ ಏರೋಶಾರ್ಕ್ ಎಂಬ ಹಾಳೆಯಲ್ಲಿ ಸುಮಾರು 50 ಮೈಕ್ರೋಮೀಟರ್ ಗಾತ್ರದ ಗೆರೆಗಳಿವೆ. ಬೋಯಿಂಗ್ 777ಗೆ ಅಂಟಿಸಿದರೆ ಸುಮಾರು ಶೇ. 1ರಷ್ಟು ಇಂಧನ ಉಳಿಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿಯೂ ಇಂಥ ಗೆರೆಗಳ ಮೇಲೆ ಗಂಭೀರ ಸಂಶೋಧನೆ ನಡೆದಿದೆ.

ಶೇ. 1 ಎಂದರೆ ಏನು ಮಹಾ?

ವಿಮಾನ ಕಂಪನಿಯ ಖರ್ಚಿನಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಇಂಧನಕ್ಕೇ ಹೋಗುತ್ತದೆ. ಹತ್ತು ಸರಕು ವಿಮಾನಗಳಿಗೆ ಏರೋಶಾರ್ಕ್ ಹೊದಿಸಿದರೆ ವರ್ಷಕ್ಕೆ ಸುಮಾರು 3,700 ಟನ್ ಇಂಧನ ಉಳಿಯುತ್ತದೆ ಎಂಬುದು ಕಂಪನಿಯ ಅಂದಾಜು.

ಕುಷ್ಟಗಿ, ಯಲಬುರ್ಗಾ ಕಡೆಯ ಗಾಳಿಯಂತ್ರಗಳಿಗೂ ಈ ಪಾಠಗಳು ಬರುತ್ತವೆಯೇ?

ಬರುತ್ತವೆ. ಗಾಳಿಯಂತ್ರದ ಅಲಗೂ ಒಂದು ರೆಕ್ಕೆಯೇ. ಗೂಬೆ ಇಲಿಯ ಮೇಲೆ ಎರಗುವಾಗ ಸದ್ದಾಗುವುದಿಲ್ಲ. ಅದರ ರೆಕ್ಕೆಯ ಮುಂದಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ, ಹಿಂದಿನ ಅಂಚಿನಲ್ಲಿ ಜಾಲರಿಯಂಥ ಕುಚ್ಚುಗಳಿವೆ, ಮೇಲ್ಮೈ ಮಖಮಲ್ಲಿನಂತಿದೆ. ಕೆಲವು ಗಾಳಿಯಂತ್ರಗಳ ಅಲಗಿನ ಹಿಂದಂಚಿಗೆ ಗರಗಸದ ಹಲ್ಲಿನಂಥ ಪಟ್ಟಿ ಅಂಟಿಸಿರುವುದು ಇದೇ ತತ್ವದ ಮೇಲೆ.

ಇನ್ನೊಂದು ಪಾಠ ಹಂಪ್‌ಬ್ಯಾಕ್ ತಿಮಿಂಗಿಲದ್ದು. ಅದರ ಈಜುರೆಕ್ಕೆಯ ಮುಂದಂಚಿನಲ್ಲಿ ಉಬ್ಬುಗಳಿವೆ. ಫ್ರಾಂಕ್ ಫಿಶ್ ಎಂಬ ಜೀವವಿಜ್ಞಾನಿ ಅಂಗಡಿಯಲ್ಲಿದ್ದ ತಿಮಿಂಗಿಲದ ಬೊಂಬೆಯನ್ನು ನೋಡಿ, ಶಿಲ್ಪಿ ತಪ್ಪಾಗಿ ಉಬ್ಬುಗಳನ್ನು ಮುಂದಂಚಿಗೆ ಹಾಕಿದ್ದಾನೆ ಎಂದುಕೊಂಡಿದ್ದ. ತಪ್ಪು ಶಿಲ್ಪಿಯದಲ್ಲ ಎಂದು ಅನಂತರ ತಿಳಿಯಿತು. 2004ರಲ್ಲಿ ಗಾಳಿಸುರಂಗದಲ್ಲಿ ಪರೀಕ್ಷಿಸಿದಾಗ, ಉಬ್ಬುಗಳಿರುವ ಮಾದರಿ ನುಣುಪಾದ ಮಾದರಿಗಿಂತ ಗಾಳಿಗೆ ಎದುರಾಗಿ ಮುಂದಂಚನ್ನು ಎತ್ತಿದಾಗ ಸುಮಾರು ಶೇ. 40ರಷ್ಟು ಹೆಚ್ಚಿನ ಕೋನದವರೆಗೆ ಎತ್ತುವ ಬಲವನ್ನು ಕಳೆದುಕೊಳ್ಳದೆ ನಿಂತಿತು.

ವಿಮಾನದ ಒಳಗಿನ ರಚನೆಯಲ್ಲಿಯೂ ಪ್ರಕೃತಿ ಇದೆಯೇ?

ಬಹಳಷ್ಟು. ಹಕ್ಕಿಯ ಮೂಳೆ ಟೊಳ್ಳು, ಆದರೆ ಬರಿದಲ್ಲ. ರಣಹದ್ದಿನ ರೆಕ್ಕೆಯ ಒಂದು ಮೂಳೆಯನ್ನು ಸೀಳಿ ನೋಡಿದರೆ ಒಳಗೆ ರೈಲು ಸೇತುವೆಯ ಓರೆಕಂಬಿಗಳಂತೆ ಆಧಾರಗಳು ಕಾಣುತ್ತವೆ. ಭಾರ ಬೀಳುವಲ್ಲಿ ಮಾತ್ರ ಮೂಳೆ, ಉಳಿದೆಡೆ ಗಾಳಿ. ಕಿನ್ನಾಳದ ಬೊಂಬೆಯನ್ನು ಮೊದಲ ಸಲ ಕೈಗೆತ್ತಿಕೊಂಡವರು ಅದು ಇಷ್ಟು ಹಗುರವೇ ಎಂದು ಅಚ್ಚರಿಪಡುತ್ತಾರೆ. ಸತ್ತ ಹಕ್ಕಿಯ ಮೂಳೆಯನ್ನು ಹಿಡಿದಾಗ ಮಕ್ಕಳ ಮುಖದಲ್ಲಿಯೂ ಅದೇ ಅಚ್ಚರಿಯನ್ನು ಕಂಡಿದ್ದೇನೆ.

ವಿಮಾನದ ನೆಲಹಾಸು, ರೆಕ್ಕೆಯ ಚಲಿಸುವ ಭಾಗಗಳಲ್ಲಿ ಎರಡು ತೆಳು ಹಾಳೆಗಳ ನಡುವೆ ಜೇನುಗೂಡಿನಂಥ ಷಟ್ಕೋನದ ಕೋಶಗಳಿರುತ್ತವೆ. ಕಡಿಮೆ ವಸ್ತು, ಹೆಚ್ಚು ಬಿಗಿ. 2015ರಲ್ಲಿ ಏರ್‌ಬಸ್ ಇನ್ನೂ ಮುಂದೆ ಹೋಗಿ, ವಿಮಾನದೊಳಗಿನ ಒಂದು ತಡೆಗೋಡೆಯ ಮಾದರಿಯನ್ನು ಲೋಳೆ ಶಿಲೀಂಧ್ರ (ಸ್ಲೈಮ್ ಮೋಲ್ಡ್) ಎಂಬ ಜೀವಿ ಆಹಾರದ ಚುಕ್ಕೆಗಳನ್ನು ಜೋಡಿಸುವ ಬಗೆಯನ್ನೂ ಮೂಳೆ ಬೆಳೆಯುವ ಬಗೆಯನ್ನೂ ಗಣಕದ ಲೆಕ್ಕಕ್ಕೆ ಇಳಿಸಿ ವಿನ್ಯಾಸ ಮಾಡಿತು. ಹಳೆಯದಕ್ಕಿಂತ ಶೇ. 45ರಷ್ಟು ಹಗುರ. ನೋಡಲು ಒಣಗಿದ ಬಳ್ಳಿಯ ಜಾಲದಂತಿದೆ.

ಏರೋಪ್ಲೇನ್ ಚಿಟ್ಟೆಗೆ (ಡ್ರಾಗನ್‌ಫ್ಲೈ) ಆ ಹೆಸರು ಸುಮ್ಮನೆ ಬಂದದ್ದೇ?

ಮಕ್ಕಳು ಇಟ್ಟ ಹೆಸರು, ಆದರೆ ಒಪ್ಪುವ ಹೆಸರು. ಗಂಗಾವತಿಯ ಭತ್ತದ ಗದ್ದೆಗಳ ಮೇಲೆ ಮಳೆಗಾಲದಲ್ಲಿ ತೇಲುವ ಹಳದಿ ಬಣ್ಣದ ಜಾತಿಯನ್ನು ಹತ್ತಿರದಿಂದ ನೋಡಿ. ಪ್ರತಿ ರೆಕ್ಕೆಯ ಮುಂದಂಚಿನಲ್ಲಿ, ತುದಿಯ ಬಳಿ, ದಪ್ಪನೆಯ ಚಿಕ್ಕ ಮಚ್ಚೆ ಇದೆ. ಅದು ತೂಕದ ಬಿಲ್ಲೆ. ವೇಗ ಹೆಚ್ಚಾದಾಗ ತೆಳು ರೆಕ್ಕೆ ಪಟಪಟ ನಡುಗಿ ಹರಿಯದಂತೆ ಅದು ಕಾಯುತ್ತದೆ. ವಿಮಾನದ ಚಲಿಸುವ ರೆಕ್ಕೆಭಾಗಗಳಿಗೂ ನಡುಕ ತಡೆಯಲು ಎಂಜಿನಿಯರುಗಳು ಮುಂದಂಚಿನಲ್ಲಿ ತೂಕ ಇಡುತ್ತಾರೆ. ಅಂದಹಾಗೆ, ಇದೇ ಜಾತಿಯ ಚಿಟ್ಟೆಗಳು ಹಿಂದೂ ಮಹಾಸಾಗರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ ಎಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ವಿವರಿಸಿದ.

ಗಿಡಮರಗಳಿಂದ ವಿಮಾನಕ್ಕೆ ಏನಾದರೂ ಬಂದಿದೆಯೇ?

ಆಗ್ನೇಯ ಏಷ್ಯಾದ ಒಂದು ಬಳ್ಳಿಯ ಬೀಜಕ್ಕೆ ಕಾಗದದಂಥ ಅಗಲ ರೆಕ್ಕೆ ಇದೆ. ಅದು ತೇಲುವ ಬಗೆಯನ್ನು ನೋಡಿ ಆಸ್ಟ್ರಿಯಾದ ಇಗೋ ಎಟ್ರಿಚ್ ಕಟ್ಟಿದ ಟೌಬೆ ವಿಮಾನ 1910ರಲ್ಲಿ ಹಾರಿತು. ನಮ್ಮ ಕಡೆಯ ತಪಸಿ ಮರದ ಬೀಜಕ್ಕೂ ರೆಕ್ಕೆ ಇದೆ, ಬೇಸಿಗೆಯ ಆರಂಭದಲ್ಲಿ ಉದುರುವಾಗ ಹಿಡಿದು ನೋಡಬಹುದು.

ಗಿಡುಗದ ಪಕ್ಕದಲ್ಲಿ ಕಪ್ಪು ಬಾಂಬರ್ ವಿಮಾನ ಇಟ್ಟ ಚಿತ್ರ ಮೊಬೈಲಿನಲ್ಲಿ ಬರುತ್ತದೆ. ಅದು ಗಿಡುಗದ ನಕಲು ಎಂಬುದು ನಿಜವೇ?

ಅದು ಬಿ-2. ಬಾಲವಿಲ್ಲದೆ ಬರಿಯ ರೆಕ್ಕೆಯಾಗಿರುವ ವಿಮಾನಗಳನ್ನು ನಾರ್ತ್ರಾಪ್ ಕಂಪನಿ 1940ರ ದಶಕದಲ್ಲಿಯೇ ಹಾರಿಸಿತ್ತು. ಬಿ-2 ಆ ವಂಶದ್ದು, ರಡಾರಿನಿಂದ ಮರೆಯಾಗಬೇಕೆಂಬ ಬೇಡಿಕೆ ಅದರ ಅಂಚುಗಳನ್ನು ತಿದ್ದಿದೆ. ಹೋಲಿಕೆ ಇದ್ದ ಮಾತ್ರಕ್ಕೆ ಸಂಬಂಧ ಇರಬೇಕಿಲ್ಲ. ಮಕ್ಕಳಿಗೆ ಇದನ್ನು ಹೇಳುವಾಗ ಅವರ ಮುಖ ಸಪ್ಪಗಾಗುತ್ತದೆ, ಆದರೂ ಹೇಳಲೇಬೇಕು.

ದುರ್ಬೀನು ಇಲ್ಲ. ಊರಿನಲ್ಲಿಯೇ ಏನನ್ನು ಗಮನಿಸಬಹುದು?

ಹದ್ದು ಇಳಿಯುವುದನ್ನು ನೋಡಿ. ಸಂತೆಯ ದಿನ ಮಾಂಸದಂಗಡಿಯ ಹತ್ತಿರ ನಿಂತರೆ ಸಾಕು, ಬರಿಗಣ್ಣಿಗೇ ಕಾಣುತ್ತದೆ. ಕಂಬದ ಮೇಲೆ ಕೂರುವ ಮುನ್ನ ಅದು ರೆಕ್ಕೆಯನ್ನು ಎತ್ತಿ ವೇಗ ತಗ್ಗಿಸುತ್ತದೆ. ಆ ಕ್ಷಣದಲ್ಲಿ ರೆಕ್ಕೆಯ ಮಡಿಕೆಯ ಬಳಿ, ಮುಂದಂಚಿನಲ್ಲಿ, ಹೆಬ್ಬೆರಳಿನಂಥ ಪುಟ್ಟ ಗರಿಗುಚ್ಛ ಮೇಲೇಳುತ್ತದೆ. ಅದರ ಸಂದಿನಿಂದ ನುಗ್ಗಿದ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡೇ ಹರಿಯುತ್ತದೆ, ಹದ್ದು ನಿಧಾನವಾದರೂ ಬೀಳುವುದಿಲ್ಲ. ಬಾಲ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ, ರೆಕ್ಕೆಯ ಮೇಲಿನ ಸಣ್ಣ ಗರಿಗಳೂ ಕೆದರಿ ನಿಲ್ಲುತ್ತವೆ. ಮುಂದೆ ಎಂದಾದರೂ ವಿಮಾನದಲ್ಲಿ ಕಿಟಕಿಯ ಪಕ್ಕ, ರೆಕ್ಕೆಯ ಹಿಂದೆ ಜಾಗ ಸಿಕ್ಕರೆ ಇಳಿಯುವ ಹೊತ್ತಿನಲ್ಲಿ ಹೊರಗೆ ನೋಡಿ. ರೆಕ್ಕೆಯ ಮುಂದಂಚಿನ ಪಟ್ಟಿ ಮುಂದಕ್ಕೆ ಸರಿದು ಸಂದು ಬಿಡುತ್ತದೆ, ಹಿಂದಿನ ಪಟ್ಟಿಗಳು ಕೆಳಕ್ಕೆ ಜಾರುತ್ತವೆ, ನೆಲ ಮುಟ್ಟಿದೊಡನೆ ಮೇಲಿನ ಹಲಗೆಗಳು ಕೆದರಿ ನಿಲ್ಲುತ್ತವೆ.